ಜೋಡಿ ಹಗ್ಗದ ಭಾವ

ನಮ್ಮ ಭಾವನ ಜೊತೆ ಹೊರಗೆ ಹೋದರೆ ಸಾಕುಸಾಕಾಗಿ ಹೋಗುತ್ತದೆ. ಆಸ್ಪತ್ರೆಯಾಗಲಿ, ಬಟ್ಟೆ ಅಂಗಡಿಯಾಗಲಿ, ಕಟ್ಟಡದೊಳಗೆ ಕಾಲಿಟ್ಟ ತಕ್ಷಣ ಈ ಮನುಷ್ಯ ಹುಡುಕುವುದು ಲಿಫ್ಟನ್ನು. ಒಳಗೆ ನಿಂತ ಮೇಲೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಕತ್ತು ಓರೆ ಮಾಡಿಕೊಂಡು ಮೇಲಿನಿಂದ ಬರುವ ಸದ್ದು ಕೇಳುತ್ತಾರೆ. "ಹಳಿ ಎಣ್ಣೆ ಕಂಡು ಯಾವ ಕಾಲ ಆಯ್ತೋ, ಪಾಪ" ಎಂದು ಲಿಫ್ಟಿನ ಗೋಡೆ ಸವರುತ್ತಾರೆ. ನಮ್ಮ ಮಹಡಿ ಬಂದು ನಾವೆಲ್ಲ ಇಳಿದರೂ ಇವರು ಇಳಿಯುವುದಿಲ್ಲ, ಇನ್ನೊಂದು ಸುತ್ತು ಹೋಗಿ ಬರಬೇಕು. ಅಕ್ಕ ಅವರನ್ನು ಅಲ್ಲೇ ಬಿಟ್ಟು, ಬಟ್ಟೆ ಆರಿಸಿ, ಪ್ಯಾಕ್ ಮಾಡಿಸಿಕೊಂಡು, ವಾಪಸ್ ಬಂದು ಅದೇ ಲಿಫ್ಟಿನಲ್ಲಿ ಅವರನ್ನು ಹಿಡಿದದ್ದೂ ಉಂಟು.

ಭಾವ ಲಿಫ್ಟ್ ಮೆಕ್ಯಾನಿಕ್. ನಮ್ಮಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಇವರಿಬ್ಬರ ಪರಿಚಯವಾಗಿದ್ದೇ ಕೆಟ್ಟು ನಿಂತ ಒಂದು ಲಿಫ್ಟಿನಲ್ಲಿ. ಅಕ್ಕ ಒಳಗೆ ಸಿಕ್ಕಿಹಾಕಿಕೊಂಡಿದ್ದಳು, ಭಾವ ಹೊರಗೆ ನಿಂತು ಬಾಗಿಲು ಬಿಡಿಸುತ್ತಿದ್ದರು. ಬಾಗಿಲು ತೆರೆಯುವವರೆಗೂ ಅಕ್ಕ ಒಳಗಿನಿಂದಲೇ ಅವರಿಗೆ, ಅವರ ಕಂಪನಿಗೆ, ಆ ಕಟ್ಟಡ ಕಟ್ಟಿದವರಿಗೆ, ಎಲ್ಲರಿಗೂ ಸೇರಿಸಿ ಮಂಗಳಾರತಿ ಮಾಡಿದಳಂತೆ. "ಇನ್ನೂ ಬೇಗ ತೆಗೀಬಹುದಿತ್ತು. ಸ್ವಲ್ಪ ಹೊತ್ತು ಕೇಳೋಣ ಅನ್ನಿಸ್ತು" ಎಂದು ಭಾವ ನಾಚಿಕೆ ಬಿಟ್ಟು ಹೇಳುತ್ತಾರೆ. ಮುಖ ನೋಡುವ ಮೊದಲೇ ಗಂಟಲಿಗೆ ಮರುಳಾದ ಗಂಡಸನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಅಕ್ಕನದು ಹಾಡುಗಾರ್ತಿಯ ಗಂಟಲೇನಲ್ಲ. ಸ್ವಲ್ಪ ಒರಟು, ಸ್ವಲ್ಪ ದಪ್ಪ, ಎಷ್ಟೇ ಸಿಟ್ಟು ಬಂದಿದ್ದರೂ ಎಲ್ಲೋ ಒಂದು ಕಡೆ ನಗು ಅಡಗಿರುತ್ತಿತ್ತು. ಕಾರಿನೊಳಗಿಂದ ಅವಳು "ಕ್ಲಚ್ ಬಿಡಪ್ಪಾ ಮಹಾರಾಯ" ಎಂದರೆ ಫುಟ್‌ಪಾತಿನಲ್ಲಿ ನಿಂತವನೂ ಕಾಲೆತ್ತಬೇಕು, ಹಾಗಿತ್ತು. ಅವಳ ಕೈಯಲ್ಲಿ ಕಲಿತವರು ಇಡೀ ಊರಿನ ತುಂಬ ಇದ್ದಾರೆ. ಇವತ್ತಿಗೂ ತಿರುವಿನಲ್ಲಿ ನಿಧಾನ ಮಾಡುವಾಗ ಅವಳ ಬೈಗುಳ ಕಿವಿಯಲ್ಲಿ ಕೇಳಿಸುತ್ತದೆ ಎನ್ನುತ್ತಾರೆ.

ಇನ್ನು ಭಾವನ ಜೋಡಿ ಹುಚ್ಚಿನ ಬಗ್ಗೆ ಹೇಳಲೇಬೇಕು. ಲಿಫ್ಟನ್ನು ಒಂದೇ ಹಗ್ಗಕ್ಕೆ ತೂಗುಹಾಕುವುದಿಲ್ಲವಂತೆ. ಒಂದು ಉಕ್ಕಿನ ಹಗ್ಗ ಕೈಕೊಟ್ಟರೂ ಉಳಿದದ್ದು ಹಿಡಿದುಕೊಳ್ಳಬೇಕು. ಈ ಪಾಠವನ್ನು ಅವರು ಕೆಲಸದ ಜಾಗದಲ್ಲೇ ಬಿಟ್ಟು ಬಂದಿದ್ದರೆ ನಮ್ಮದೇನೂ ತಕರಾರಿರಲಿಲ್ಲ. ಮನೆಗೂ ಹೊತ್ತು ತಂದರು. ಬಾಗಿಲಿಗೆ ಎರಡು ಬೀಗ, ತಲೆದಿಂಬಿನ ಪಕ್ಕ ಎರಡು ಅಲಾರಂ. ಕನ್ನಡಕವೂ ಎರಡು, ಒಂದು ಮೂಗಿನ ಮೇಲೆ, ಒಂದು ಜೇಬಿನಲ್ಲಿ. ಮಳೆ ಬಂದರೆ ಒಂದು ಕೊಡೆ ಬಿಚ್ಚಿಕೊಂಡು ಇನ್ನೊಂದನ್ನು ಕಂಕುಳಲ್ಲಿ ಒದ್ದೆ ಮಾಡಿಕೊಂಡು ಬರುವ ಮನುಷ್ಯ.

"ಭಾವ, ಎಲ್ಲಾ ಜೋಡಿ ಜೋಡಿ ಇಟ್ಕೊಂಡಿದ್ದೀರಿ, ಹೆಂಡತಿ ಮಾತ್ರ ಯಾಕೆ ಒಬ್ಬಳೇ?" ಎಂದು ಒಮ್ಮೆ ಕೆಣಕಿದ್ದೆ.

"ನಿಮ್ಮಕ್ಕ ಒಬ್ಬಳೇ ಇಬ್ಬರ ಲೆಕ್ಕ ಕಣೇ ಮೆಣಸಿನಕಾಯಿ" ಎಂದರು.

"ನನಗೆ ಕೇಳಿಸ್ತು!" ಎಂದು ಅಡುಗೆಮನೆಯಿಂದ ಅಕ್ಕ ಕೂಗಿದಳು.

ಮೆಣಸಿನಕಾಯಿ ಎಂದರೆ ನಾನು. ಹೆಸರಿಟ್ಟವರು ಅವರೇ. ನಾನಿರುವುದು ಅವರ ಬೀದಿಯ ಕೊನೆಯ ಮನೆಯಲ್ಲಿ, ಔಷಧಿ ಸರಬರಾಜು ಮಾಡುವ ಒಂದು ಕಚೇರಿಯಲ್ಲಿ ಕೆಲಸ. ಹೊತ್ತಿಲ್ಲ ಗೊತ್ತಿಲ್ಲ, ಅಕ್ಕನ ಮನೆಗೆ ಹೋಗುತ್ತಿರುತ್ತೇನೆ.

ಅಂಥ ಗಂಟಲಿಗೇ ಬರಬೇಕೇ ಕಾಯಿಲೆ! ಮೊದಲು ಸ್ವರ ಒಡೆಯಿತು. ಶಿಷ್ಯರ ಮೇಲೆ ಕೂಗಿ ಕೂಗಿ ಹೀಗಾಗಿದೆ ಎಂದು ಅಕ್ಕನೇ ಬಿಸಿನೀರು ಕುಡಿದುಕೊಂಡು ಓಡಾಡಿದಳು. ಕೊನೆಗೆ ಡಾಕ್ಟರು, ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಉಸಿರಾಟಕ್ಕೆ ಕತ್ತಿನಲ್ಲಿ ಒಂದು ತೂತು ಇರುತ್ತದೆಯಂತೆ. ಭಾವ ಅಲ್ಲೇ ಬೆಂಚಿನ ಮೇಲೆ ಕುಸಿದರು. ಅಕ್ಕ ಮಾತ್ರ ಅವರ ಜೇಬಿನಿಂದ ಕಾರಿನ ಕೀ ಎತ್ತಿಕೊಂಡು, "ಬನ್ನಿ, ಈ ಸ್ಥಿತೀಲಿ ನೀವು ಓಡಿಸಿದ್ರೆ ಡಾಕ್ಟರಿಗೂ ಕೆಲಸ ಇರಲ್ಲ" ಎಂದು ತಾನೇ ಓಡಿಸಿಕೊಂಡು ಬಂದಳು.

ಆಸ್ಪತ್ರೆಯಲ್ಲಿ ಮಾತು ತಪ್ಪಿದವರಿಗೆ ಮಾತು ಕಲಿಸುವ ಒಬ್ಬ ಡಾಕ್ಟರಮ್ಮ ಇದ್ದಾರೆ. ಅವರೊಂದು ದಾರಿ ಹೇಳಿದರು. ಆಪರೇಷನ್ನಿಗೆ ಮುಂಚೆ ಅಕ್ಕ ತನ್ನ ಧ್ವನಿಯಲ್ಲಿ ತುಂಬಾ ವಾಕ್ಯ ರೆಕಾರ್ಡ್ ಮಾಡಿಡಬೇಕು. ಆಮೇಲೆ ಅದರಿಂದ ಒಂದು ಧ್ವನಿ ತಯಾರು ಮಾಡಿ ಫೋನಿಗೆ ಹಾಕಿಕೊಡುತ್ತಾರೆ. ಅವಳು ಟೈಪ್ ಮಾಡಿದ್ದನ್ನು ಫೋನು ಅವಳ ಗಂಟಲಿನಲ್ಲೇ ಹೇಳುತ್ತದೆ. ಓದಬೇಕಾದ ವಾಕ್ಯಗಳನ್ನೂ ಒಂದು ರೆಕಾರ್ಡರನ್ನೂ ಕೊಟ್ಟು ಕಳಿಸಿದರು.

ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಬಿಗಿದು, ಫ್ಯಾನು ನಿಲ್ಲಿಸಿ, ಫ್ರಿಜ್ಜಿನ ಸದ್ದು ಬೀಳಬಾರದೆಂದು ಅದನ್ನೂ ಆರಿಸಿ, ಭಾವ ಬಾಗಿಲಾಚೆ ಕಾವಲು ಕೂತರು. ಅಕ್ಕ ಒಳಗೆ ಬೆವರು ಒರೆಸಿಕೊಳ್ಳುತ್ತಾ ಓದಿದಳು. ಸಂಜೆ ನಾನು ಹೋದಾಗ ಗಂಟಲು ಪೂರ್ತಿ ಬಿದ್ದುಹೋಗಿತ್ತು. "ಇಂದು ಹವಾಮಾನ ಹಿತಕರವಾಗಿದೆ ಅಂತೆ. ನನ್ನ ಜನ್ಮದಲ್ಲಿ ನಾನು ಹವಾಮಾನ ಅನ್ನೋ ಪದ ಬಾಯಲ್ಲಿ ಆಡಿಲ್ಲ" ಎಂದು ಪಿಸುಗುಟ್ಟಿದಳು.

ರೆಕಾರ್ಡರನ್ನು ಬೇರೆ ರೋಗಿಗೆ ಕೊಡಬೇಕಿತ್ತು. ವಾಪಸ್ ತಂದುಕೊಡಿ ಎನ್ನುವಾಗ ಡಾಕ್ಟರಮ್ಮ, "ಅದರಲ್ಲಿರೋದನ್ನ ಅಳಿಸಿಬಿಡ್ತೀವಿ. ನೀವು ಎರಡು ಕಡೆ ಇಟ್ಕೊಂಡಿರಿ" ಎಂದರು. ಎರಡು ಎಂಬ ಮಾತು ಕೇಳಿದ್ದೇ ತಡ, ಭಾವನ ಮುಖ ಅರಳಿತು. ಸೀದಾ ಹೋಗಿ, ಮನೆಯಲ್ಲೇ ಫೋಟೊ ವಿಡಿಯೊ ಎಲ್ಲ ಕೂಡಿಡುವ ಒಂದು ಡಬ್ಬಿ ತಂದರು. ವೈಫೈ ಪಕ್ಕದಲ್ಲಿಟ್ಟರೆ ಮನೆಯ ಯಾವ ಫೋನಿನಿಂದಾದರೂ ಅದರೊಳಗೆ ಹಾಕಬಹುದು, ತೆಗೆಯಬಹುದು. ಒಳಗೆ ಅಕ್ಕಪಕ್ಕ ಎರಡು ಹಾರ್ಡ್ ಡಿಸ್ಕ್. ಒಂದಕ್ಕೆ ಬರೆದದ್ದೇ ಇನ್ನೊಂದಕ್ಕೂ ಬರೆದುಕೊಳ್ಳುತ್ತದೆ. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ. "ಜೋಡಿ ಹಗ್ಗ!" ಎಂದು ಭಾವ ಅದರ ತಲೆ ತಟ್ಟಿದರು. ಅಂಗಡಿಯವರೇ ಬಂದು ಜೋಡಿಸಿ, ರೆಕಾರ್ಡರಿನಿಂದ ಅಕ್ಕನ ಧ್ವನಿಯನ್ನೆಲ್ಲ ಅದಕ್ಕೆ ತುಂಬಿ ಹೋದರು. ರೆಕಾರ್ಡರು ಆಸ್ಪತ್ರೆಗೆ ವಾಪಸ್ ಹೋಯಿತು.

ಆಪರೇಷನ್ ಆಯಿತು. ಅಕ್ಕ ಉಳಿದಳು. ಮನೆ ಮೌನವಾಯಿತು. ಮಕ್ಕಳು ಬರೆದು ಅಳಿಸುವ ಹಲಗೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡತೊಡಗಿದಳು. ಕರೆಯಬೇಕಾದರೆ ಚಪ್ಪಾಳೆ. ಸಿಟ್ಟು ಬಂದರೆ ಚಪ್ಪಾಳೆ ಜೋರು. ಭಾವ ಒಬ್ಬರೇ ಇಬ್ಬರ ಪಾಲಿನ ಮಾತೂ ಆಡುತ್ತಿದ್ದರು. ಅವಳು ಏನಂದಾಳೆಂದು ಊಹಿಸಿ ತಾವೇ ಹೇಳಿ, ತಾವೇ ಉತ್ತರ ಕೊಡುತ್ತಿದ್ದರು. ಧ್ವನಿ ತಯಾರಿಗೆ ಕಳಿಸೋಣವೇ ಎಂದರೆ ಮಾತ್ರ ಅಕ್ಕ ತಲೆ ಆಡಿಸುತ್ತಿದ್ದಳು. "ಸತ್ತವರ ಫೋಟೊಗೆ ಬಣ್ಣ ಬಳಿದ ಹಾಗೆ. ಬೇಡ" ಎಂದು ಹಲಗೆಯಲ್ಲಿ ಬರೆದಳು. ಯಾರೂ ಒತ್ತಾಯ ಮಾಡಲಿಲ್ಲ.

ಹೀಗಿರುವಾಗ ಡ್ರೈವಿಂಗ್ ಸ್ಕೂಲಿನ ಯಜಮಾನಿ ಮನೆಗೆ ಬಂದರು. ಹೊಸದಾಗಿ ಇಟ್ಟುಕೊಂಡ ಮೇಷ್ಟ್ರು ತುಂಬಾ ಮೃದುವಂತೆ, ಯಾರಿಗೂ ಬೈಯುವುದಿಲ್ಲವಂತೆ, ಕಲಿಯುವವರು ಕಂಡಕಂಡ ಗೋಡೆಗೆ ಗುದ್ದುತ್ತಿದ್ದಾರಂತೆ. "ಬ್ರೇಕು ಹೇಗೂ ನಿಮ್ಮ ಕಾಲ ಕೆಳಗೂ ಇರುತ್ತೆ. ಎಡಕ್ಕೆ, ಬಲಕ್ಕೆ, ನಿಲ್ಲಿಸು, ಇಷ್ಟನ್ನ ಫೋನಿಂದ ಆದ್ರೂ ಹೇಳೋ ಹಾಗಾದ್ರೆ ನಾಳೇನೇ ಬನ್ನಿ. ನೀವಿಲ್ಲದೆ ಆಗ್ತಿಲ್ಲ" ಎಂದರು. ಅವರು ಹೋದ ಮೇಲೆ ಅಕ್ಕ ಬಹಳ ಹೊತ್ತು ಕಿಟಕಿಯಾಚೆ ರಸ್ತೆ ನೋಡುತ್ತಾ ಕೂತಿದ್ದಳಂತೆ. ಆಮೇಲೆ ಹಲಗೆ ಎತ್ತಿಕೊಂಡು ಬರೆದಳು, "ಡಬ್ಬಿಯಿಂದ ನನ್ನ ಗಂಟಲು ತೆಗೀರಿ."

ಭಾವ ಹಾರಿಕೊಂಡು ಹೋಗಿ ಡಬ್ಬಿಯ ಮುಂದೆ ಕೂತರು. ಅದು ಕೀಂ ಕೀಂ ಎನ್ನುತ್ತಾ ಕೆಂಪು ದೀಪ ತೋರಿಸುತ್ತಿತ್ತು. ಒಂದು ಡಿಸ್ಕ್ ಕೆಟ್ಟಿದೆ ಎಂದು ಅದರ ಅರ್ಥ. ಬೇರೆ ಯಾರಾದರೂ ಆಗಿದ್ದರೆ, ಸದ್ಯ, ಇನ್ನೊಂದು ಚೆನ್ನಾಗಿದೆಯಲ್ಲ ಎಂದು ಮೊದಲು ಅದರಲ್ಲಿದ್ದದ್ದನ್ನು ಹೊರಗೆ ತೆಗೆದಿಟ್ಟುಕೊಳ್ಳುತ್ತಿದ್ದರು. ನಮ್ಮ ಭಾವ ಲಿಫ್ಟಿನವರು! ಅವರ ಕೆಲಸದಲ್ಲಿ ಒಂದು ಹಗ್ಗ ಎಳೆ ಬಿಟ್ಟರೆ ಮೊದಲು ಲಿಫ್ಟ್ ನಿಲ್ಲಿಸಬೇಕು. ಎಳೆ ಬಿಟ್ಟ ಹಗ್ಗವೊಂದನ್ನೇ ಬದಲಾಯಿಸುವುದೂ ಇಲ್ಲ, ಹಳೆಯದರ ಜೊತೆ ಹೊಸದು ಸರಿಸಮ ಎಳೆಯುವುದಿಲ್ಲವೆಂದು ಎಲ್ಲ ಹಗ್ಗವನ್ನೂ ಒಟ್ಟಿಗೇ ಬದಲಾಯಿಸಬೇಕು. ಬಿಚ್ಚಿದ ಹಗ್ಗವನ್ನು ಯಾರೂ ತೆಗೆದುಕೊಂಡು ಹೋಗಿ ಇನ್ನೊಂದು ಕಡೆ ಕಟ್ಟದ ಹಾಗೆ ಅಲ್ಲೇ ತುಂಡು ಮಾಡಬೇಕು. ಜೀವಮಾನವೆಲ್ಲ ಹೀಗೇ ಮಾಡಿದ ಕೈ ಅದು. ಡಬ್ಬಿ ಆರಿಸಿದರು, ಎರಡೂ ಡಿಸ್ಕ್ ಬಿಚ್ಚಿದರು, ಹೊಸ ಜೋಡಿ ತಂದು ಕೂರಿಸಿದರು. ಹೊಸದಾಗಿ ಸಿದ್ಧ ಮಾಡಲೇ ಎಂದು ಡಬ್ಬಿ ಕೇಳಿತು. ಹೂಂ ಎಂದು ಒತ್ತಿದರು. ಹಸಿರು ದೀಪ ಬಂತು. ಭಾವನಿಗೆ ಪರಮಾನಂದ.

ನಾನು ಹೋದದ್ದು ಸರಿಯಾಗಿ ಆ ಹೊತ್ತಿಗೆ. ರಜೆಯ ದಿನ, ಬಿಸಿಲು ಚುರುಕಾಗಿತ್ತು. ಅವರ ಮನೆ ಮೊದಲನೇ ಮಹಡಿಯಲ್ಲಿದೆ. ಅಡುಗೆಮನೆಯ ಕಿಟಕಿಯಿಂದ ಒಂದು ವೈರು ಕೆಳಗಿನ ಅಂಗಳಕ್ಕೆ ಇಳಿದಿತ್ತು, ಕೆಳಗಿನಿಂದ ಡ್ರಿಲ್ಲಿನ ಕರ್ಕಶ ಸದ್ದು ಬರುತ್ತಿತ್ತು. ಅಕ್ಕ ನನ್ನನ್ನು ಎಳೆದುಕೊಂಡು ಹೋಗಿ ಡಬ್ಬಿಯ ಹಸಿರು ದೀಪ ತೋರಿಸಿದಳು. ಮುಖದಲ್ಲಿ ನಗು. ಎಷ್ಟು ದಿನದ ಮೇಲೆ ಕಂಡ ನಗುವೋ!

"ಎರಡೂ ಹೊಸದು ಹಾಕಿಬಿಟ್ರಾ? ಅಯ್ಯೋ, ಹಾಗಲ್ಲ ಅದು! ಹಳೇವೆಲ್ಲಿ?" ಎಂದೆ. ನಮ್ಮ ಕಚೇರಿಯಲ್ಲೂ ಇಂಥದ್ದೇ ಡಬ್ಬಿ ಇದೆ, ಹಾಗಾಗಿ ನನಗೆ ಅಷ್ಟು ಗೊತ್ತಿತ್ತು.

ಅಕ್ಕ ಬರೆದಳು, "ಕೆಳಗೆ. ಅದಕ್ಕೇ ಏನೋ ಕೊರೀತಿದ್ದಾರೆ."

"ಅಕ್ಕಾ! ನಿನ್ನ ಗಂಟಲು ಇರೋದೇ ಅದರಲ್ಲಿ!"

ನಾನು ಮೆಟ್ಟಿಲ ಕಡೆ ಓಡಿದೆ. "ಭಾವಾ, ನಿಲ್ಲಿಸಿ, ಭಾವಾ" ಎಂದು ಬೀದಿಗೆಲ್ಲ ಕೇಳುವ ಹಾಗೆ ಅರಚಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು, ನಾಯಿ ಬೊಗಳಿತು. ಭಾವನಿಗೆ ಎಲ್ಲಿ ಕೇಳಬೇಕು? ಶಿಸ್ತಿನ ಮನುಷ್ಯ, ಡ್ರಿಲ್ ಹಿಡಿಯುವ ಮುಂಚೆ ಕಿವಿ ಮುಚ್ಚಿಕೊಂಡಿದ್ದರು. ನಾನು ಇನ್ನೂ ಅರ್ಧ ಮೆಟ್ಟಿಲಲ್ಲಿದ್ದೆ, ಸದ್ದು ತಟ್ಟನೆ ನಿಂತಿತು. ಮೇಲೆ ಅಕ್ಕ ಪ್ಲಗ್ ಕಿತ್ತಿದ್ದಳು. ನನಗೇಕೆ ಹೊಳೆಯಲಿಲ್ಲವೋ ದೇವರೇ ಬಲ್ಲ.

ಭಾವ ಕರೆಂಟು ಹೋಯಿತೆಂದುಕೊಂಡು ಡ್ರಿಲ್ಲನ್ನು ಕುಲುಕಿ ನೋಡುತ್ತಿದ್ದರು. ಒಂದು ಡಿಸ್ಕಿಗೆ ಆಚೆಯಿಂದ ಈಚೆ ಕಾಣುವ ತೂತು ಬಿದ್ದಿತ್ತು. ಎರಡನೆಯದರ ಮುಚ್ಚಳದ ಮೇಲೆ ಆಗಷ್ಟೇ ಒಂದು ಗುಳಿ.

"ಏನು ಮಾಡ್ತಿದ್ದೀರಿ ಭಾವ? ಬುದ್ಧಿ ಎಲ್ಲಿ ಅಡವಿಟ್ಟಿದ್ದೀರಿ? ಅಕ್ಕನ ಮಾತೆಲ್ಲ ಅದರೊಳಗೇ ಇರೋದು!"

"ಇಲ್ಲಮ್ಮ, ಅದು ಡಬ್ಬಿಯಲ್ಲಿರುತ್ತೆ. ಇವು ಹಿಡ್ಕೊಳ್ಳೋದಷ್ಟೇ" ಎಂದರು, ನಿಧಾನವಾಗಿ, ನನಗೇ ತಿಳಿವಳಿಕೆ ಕಡಿಮೆ ಎನ್ನುವ ಹಾಗೆ. "ಹಗ್ಗದೊಳಗೆ ಲಿಫ್ಟ್ ಇರಲ್ವಲ್ಲ!"

ನಾನು ಬಿಡಿಸಿ ಹೇಳಿದೆ. ಹೇಳುತ್ತಾ ಹೋದಂತೆ ಅವರ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದು ನೆಲದ ಮೇಲಿಟ್ಟರು, ತಾವೂ ನೆಲದ ಮೇಲೇ ಕೂತರು. ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂದು ಕೇಳಿದೆ. ಒಂದೇ ಕಂಪನಿ, ಒಂದೇ ಬಣ್ಣ, ಗುರುತು ಹಾಕಿರಲಿಲ್ಲ. ಬಿಸಾಡುವ ಹಗ್ಗಕ್ಕೆ ಯಾರಾದರೂ ಗುರುತು ಹಾಕುತ್ತಾರೆಯೇ?

ಅಕ್ಕ ಇಳಿದು ಬಂದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಎರಡೂ ಡಿಸ್ಕ್ ಎತ್ತಿಕೊಂಡು ಲೋಹದ ಪುಡಿಯನ್ನು ಊದಲು ಬಾಯಿ ಮುಂದೆ ತಂದಳು. ಅವಳ ಉಸಿರು ಈಗ ಬಾಯಿಯಿಂದ ಬರುವುದಿಲ್ಲವಲ್ಲ. ಬಟ್ಟೆಯ ಅಂಚಿನಿಂದ ಒರೆಸಿದಳು.

"ಬೈಯೇ" ಎಂದರು ಭಾವ. "ಬರೆದಾದ್ರೂ ಬೈ. ಸುಮ್ಮನಿರಬೇಡ."

ಅವಳ ಕೈಯಲ್ಲಿ ಹಲಗೆ ಇತ್ತು. ಏನೂ ಬರೆಯಲಿಲ್ಲ.

ಅವತ್ತೇ ಡಿಸ್ಕ್ ರಿಪೇರಿಯವನ ಹತ್ತಿರ ಹೋದೆವು. ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಚಿಕ್ಕ ಕೋಣೆ, ಗಾಜಿನ ಪೆಟ್ಟಿಗೆಯೊಳಗೆ ಕೈಗವಸು ತೊಟ್ಟು ಕೆಲಸ ಮಾಡುವ, ಮಾತು ಕಡಿಮೆಯ ಮನುಷ್ಯ. ತೂತು ಬಿದ್ದದ್ದನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟ. ಒಳಗಿನ ತಟ್ಟೆಗೇ ತೂತು ಬಿದ್ದಿದೆ, ಇದರಲ್ಲಿ ಇನ್ನೇನಿಲ್ಲ ಎಂದ. ಇನ್ನೊಂದನ್ನು ತಂತಿಗೆ ಸಿಕ್ಕಿಸಿ ಕಿವಿಗೊಟ್ಟು ಕೇಳಿದ. ಟಕ್ ಟಕ್ ಎನ್ನುತ್ತಿತ್ತು.

"ಮೊದಲೇ ಕೆಟ್ಟಿದ್ದು ಇದು. ನೀವು ಕೊರೆದಿದ್ದು ಚೆನ್ನಾಗಿದ್ದದ್ದನ್ನ" ಎಂದ.

ಭಾವ ತೂತು ಬಿದ್ದದ್ದನ್ನು ಎತ್ತಿಕೊಂಡು ತೂತಿಗೆ ಬೆರಳು ಅಡ್ಡ ಇಟ್ಟರು.

"ಕೆಟ್ಟಿದೆ, ಪೂರ್ತಿ ಸತ್ತಿಲ್ಲ. ಎಷ್ಟು ಬರುತ್ತೋ ನೋಡ್ತೀನಿ. ಮಾತು ಕೊಡಲ್ಲ" ಎಂದು ಅವನು ಬಾಗಿಲು ಹಾಕಿಕೊಂಡ.

ಆಮೇಲಿನ ದಿನಗಳಲ್ಲಿ ಮಾತು ನಿಲ್ಲಿಸಿದ್ದು ಭಾವ. ಅಕ್ಕನ ಪಾಲಿನದೂ ಇಲ್ಲ, ತಮ್ಮ ಪಾಲಿನದೂ ಇಲ್ಲ. ಕೆಲಸದಿಂದ ಬಂದವರೇ ಬಟ್ಟೆ ಒಗೆಯುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಅದು ಮುಗಿದರೆ ರಿಪೇರಿಯವನ ಕೋಣೆಯ ಹೊರಗೆ ಹೋಗಿ ನಿಲ್ಲುವುದು. ಒಳಗೆ ಹೋಗಿ ಕೇಳುವ ಧೈರ್ಯವಿಲ್ಲ. ನಿಂತು ನಿಂತು ಸಾಕಾಗಿ ಆ ಕಟ್ಟಡದ ಲಿಫ್ಟನ್ನು, ಯಾರೂ ಕೇಳದಿದ್ದರೂ, ಪೂರ್ತಿ ರಿಪೇರಿ ಮಾಡಿಟ್ಟರು. ಆ ಮನುಷ್ಯ ನನಗೆ ಫೋನ್ ಮಾಡಿ, "ನಿಮ್ಮ ಭಾವನ್ನ ಕರ್ಕೊಂಡು ಹೋಗಿ ಮೇಡಂ, ನನಗೆ ಕೈ ನಡುಗುತ್ತೆ" ಎಂದ.

ಹೋದೆ. ಹೋಗುವಾಗ ಚೆನ್ನಾಗಿ ಝಾಡಿಸಬೇಕೆಂದೇ ಹೋಗಿದ್ದೆ. ಭಾವ ಮೆಟ್ಟಿಲ ಮೇಲೆ ಕೂತಿದ್ದರು, ಗ್ರೀಸು ಮೆತ್ತಿದ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು.

"ಡಾಕ್ಟರು ಅವಳ ಕತ್ತಿಗೆ ಒಂದು ತೂತು ಹಾಕಿದ್ರು, ಬದುಕಲಿ ಅಂತ" ಎಂದರು. "ನಾನು ಇನ್ನೊಂದು ಹಾಕ್ದೆ ಕಣಮ್ಮ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತುಕೊಂಡೆ. ಈ ಮನುಷ್ಯ ನನಗೆ ಎಷ್ಟು ಬೇಕಾದವರು ಎಂದು ನನಗೆ ಸರಿಯಾಗಿ ಗೊತ್ತಾಗಿದ್ದು ಆ ಮೆಟ್ಟಿಲ ಮೇಲೆ.

ಮನೆಗೆ ಬಿಟ್ಟು ಬರುವಾಗ ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಒಂದು ಮಾತು ಬೈದುಬಿಡು ಅಕ್ಕ, ಅವರು ಒಳಗೊಳಗೇ ಸಾಯ್ತಿದ್ದಾರೆ. ಇಷ್ಟು ಕಲ್ಲುಮನಸ್ಸು ಯಾವಾಗಿಂದ ಬಂತು ನಿನಗೆ?" ಎಂದೆ.

ಅವಳು ಹಲಗೆ ತೆಗೆದು ಸಣ್ಣ ಅಕ್ಷರದಲ್ಲಿ ಬರೆದಳು. "ಬೈಯೋಕೆ ತುಂಬಾ ಇದೆ. ಬಾಯಲ್ಲಿ ಬೈದ್ರೆ ಗಾಳಿಗೆ ಹೋಗುತ್ತೆ, ಸಂಜೆಗೆ ಇಬ್ಬರಿಗೂ ಮರೆತುಹೋಗುತ್ತೆ. ಬರೆದ್ರೆ ಅವರು ಅಳಿಸೋಕೆ ಬಿಡಲ್ಲ. ದಿನಾ ಓದ್ಕೊಂಡು ಕೂರ್ತಾರೆ. ನನಗೆ ಅವರು ಗೊತ್ತಿಲ್ವಾ." ನಾನು ಓದಿ ಮುಗಿಸುತ್ತಿದ್ದಂತೆ ಅಂಗೈಯಿಂದ ಒರೆಸಿಬಿಟ್ಟಳು.

ಕೊನೆಗೂ ರಿಪೇರಿಯವನು ಬರಹೇಳಿದ. ಮೂವರೂ ಹೋದೆವು. ಅವನು ಯಾಕೋ ಮುಜುಗರದಲ್ಲಿದ್ದ.

"ಅರ್ಧಕ್ಕಿಂತ ಕಮ್ಮಿ ಬಂದಿದೆ. ಆ ಓದೋ ವಾಕ್ಯಗಳು ಎಲ್ಲೋ ಅಲ್ಲೊಂದು ಇಲ್ಲೊಂದು. ಕೊನೆಕೊನೆಯಲ್ಲಿ ರೆಕಾರ್ಡ್ ಆಗಿರೋದು ಮಾತ್ರ ಪೂರ್ತಿ ಸಿಕ್ಕಿದೆ. ಅದು... ಏನು ಅಂದ್ರೆ... ನೀವೇ ಕೇಳಿ" ಎಂದು ಸ್ಪೀಕರ್ ನಮ್ಮ ಕಡೆ ತಿರುಗಿಸಿದ.

"ರೀ, ಬಾಗಿಲ ಹತ್ತಿರ ಕೂತು ಹಾಗೆ ನಿಟ್ಟುಸಿರು ಬಿಡಬೇಡಿ, ರೆಕಾರ್ಡ್ ಆಗುತ್ತೆ!" ಎಂದಿತು ಸ್ಪೀಕರು.

ಅಕ್ಕ! ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿರುವ ನಮ್ಮಕ್ಕ!

"ರೀ, ಫ್ರಿಜ್ ಹಾಕ್ರೀ, ಹಾಲು ಒಡೆದುಹೋಗುತ್ತೆ. ನನ್ನ ಗಂಟಲು ಉಳಿಸೋಕೆ ಹೋಗಿ ಮನೆ ಹಾಲೆಲ್ಲ ಹಾಳು ಮಾಡ್ಬೇಡಿ... ಯಾಕೆ, ಅಳ್ತಿದ್ದೀರಾ? ಏನ್ರೀ ಇದು ಚಿಕ್ಕ ಮಕ್ಕಳ ಥರ. ಎದ್ದೇಳಿ. ಮುಖ ತೊಳ್ಕೊಳ್ಳಿ. ಸಾಯೋಕೆ ಹೋಗ್ತಿಲ್ಲ ನಾನು, ಆಯ್ತಾ? ಎದ್ದೇಳಿ ಅಂದೆ!"

ಓದುವ ವಾಕ್ಯ ಸಾಕಾಗಿ, ರೆಕಾರ್ಡರ್ ನಿಲ್ಲಿಸದೆಯೇ ಗಂಡನನ್ನು ಬೈದು ಸಮಾಧಾನ ಮಾಡಿದ್ದಳು ಮಹಾತಾಯಿ. ಹೀಗೇ ಇತ್ತು, ಒಂದರ ಹಿಂದೊಂದು, ಗದರಿಕೆ, ನಗು, ಮತ್ತೆ ಗದರಿಕೆ. ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು, ಭುಜ ಕುಲುಕುತ್ತಿತ್ತು. ಅಕ್ಕ ತನ್ನ ಕತ್ತಿನ ಮೇಲೆ ಕೈಯಿಟ್ಟುಕೊಂಡು, ಬೇರೆ ಯಾರದೋ ಜಗಳ ಕೇಳುವವಳಂತೆ ಕಣ್ಣರಳಿಸಿ ಕೇಳುತ್ತಿದ್ದಳು.

"ಒಂದು ಡಬ್ಬಿಯೊಳಗೆ ಎರಡು ಡಿಸ್ಕ್ ಇದ್ರೆ ಅದು ಎರಡು ಕಡೆ ಇಟ್ಟ ಹಾಗಲ್ಲ ಸಾರ್, ಒಂದೇ ಕಡೆ" ಎಂದು ಹೊರಡುವಾಗ ರಿಪೇರಿಯವನು ಮೆಲ್ಲಗೆ ಹೇಳಿದ. ಭಾವ ಮಗ್ಗಿ ಒಪ್ಪಿಸುವ ಹುಡುಗನಂತೆ ತಲೆಯಾಡಿಸಿದರು. ಈಗ ಆ ಧ್ವನಿಯ ಒಂದು ಪ್ರತಿ ನಮ್ಮ ಮನೆಯ ಬೀರುವಿನಲ್ಲಿದೆ, ಇನ್ನೊಂದು ಡ್ರೈವಿಂಗ್ ಸ್ಕೂಲಿನ ಯಜಮಾನಿಯ ಹತ್ತಿರ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ನಕ್ಕರು. ಇಷ್ಟರಲ್ಲೇ ಧ್ವನಿ ಮಾಡಬಹುದು, ಆದರೆ ಸಿಕ್ಕಿರುವುದೇ ಬೈಗುಳವಾದ್ದರಿಂದ ಏನು ಹೇಳಿದರೂ ಸ್ವಲ್ಪ ಗದರಿದ ಹಾಗೇ ಬರುತ್ತದೆ, ನಯವಾಗಿ ಬರುವುದಿಲ್ಲ ಎಂದರು. ಅಕ್ಕ ಭುಜ ಕುಣಿಸಿದಳು. ನಯವಾಗಿ ಯಾವಾಗ ಮಾತಾಡಿದ್ದಳು ಅವಳು!

ಧ್ವನಿ ಫೋನಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಭಾವ ಬಚ್ಚಲುಮನೆಯಲ್ಲಿ ಸೋರುವ ನಲ್ಲಿ ಬಿಚ್ಚಿಕೊಂಡು ಕೂತಿದ್ದರು. ಧ್ವನಿ ಬಂದಿದೆ ಎಂದು ಅವರಿಗೆ ಹೇಳಿರಲಿಲ್ಲ. ಅಕ್ಕ ಸೋಫಾದಲ್ಲಿ ಕಾಲು ಮಡಚಿ ಕೂತು, ಏನನ್ನೋ ಉದ್ದಕ್ಕೆ ಟೈಪ್ ಮಾಡಿದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ನಾನು ಬಗ್ಗಿ ನೋಡಲು ಹೋದರೆ ಮೊಣಕೈಯಲ್ಲಿ ತಿವಿದಳು. ಕೊನೆಗೆ ಒಂದೇ ಒಂದು ಅಕ್ಷರ ಉಳಿಸಿಕೊಂಡು ಒತ್ತಿದಳು.

"ರೀ!" ಎಂದು ಕೂಗಿತು ಫೋನು.

"ಹಾಂ, ಬಂದೆ ಬಂದೆ" ಎಂದರು ಭಾವ ಒಳಗಿನಿಂದ. ಒದ್ದೆ ಕೈ, ಮಡಚಿದ ಪ್ಯಾಂಟು, ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಂದು ಅಕ್ಕನ ಮುಂದೆ ನಿಂತು, "ಏನೇ? ಯಾಕೆ ಕರೆದಿದ್ದು?" ಎಂದು ಕೇಳಿದರು.

ನನ್ನ ಕಣ್ಣು ತುಂಬಿಬಿಟ್ಟಿತ್ತು. ಭಾವ ನನ್ನ ಮುಖ ನೋಡಿದರು, ಅಕ್ಕನ ಕೈಯಲ್ಲಿದ್ದ ಫೋನು ನೋಡಿದರು. ಆಗ ಅವರಿಗೆ ತಿಳಿಯಿತು. ಸ್ಪ್ಯಾನರನ್ನು ಎಲ್ಲಿಡಬೇಕೆಂದು ತಿಳಿಯದೆ ಸೋಫಾದ ಮೇಲೇ ಇಟ್ಟರು.

ಅಕ್ಕನ ಬೆರಳು ಸರಸರ ಓಡಿತು. "ಗ್ರೀಸು ಮೆತ್ತಿದ್ದನ್ನ ಸೋಫಾ ಮೇಲೆ ಇಡ್ತೀರಲ್ರೀ! ಇನ್ನೊಂದು ಸಲ ಯಾವುದಾದ್ರೂ ಡಿಸ್ಕ್ ಹತ್ತಿರ ಡ್ರಿಲ್ ಹಿಡ್ಕೊಂಡು ಹೋಗಿ ನೋಡಿ, ಕೈ ಮುರಿದು ಹಾಕ್ತೀನಿ. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಮೆಣಸಿನಕಾಯಿನಾದ್ರೂ ಕೇಳ್ಬಾರ್ದಿತ್ತಾ? ಹಗ್ಗ ಅಂತೆ ಹಗ್ಗ!"

ಭಾವ ನೆಲದ ಮೇಲೆ ಅವಳ ಕಾಲ ಬಳಿ ಕೂತರು. ಮುಖವೆಲ್ಲ ನೀರು. "ಹೂಂ" ಎಂದರು. "ಆಮೇಲೆ?"

ಅವಳು ಬೈದಳು. ಡ್ರಿಲ್ಲಿಗೆ ಬೈದಳು, ತೊಳೆದದ್ದನ್ನೇ ತೊಳೆದ ಪಾತ್ರೆಗಳಿಗೆ ಬೈದಳು, ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದಕ್ಕೆ ಬೈದಳು, ಆಪರೇಷನ್ನಾದಾಗಿನಿಂದ ಒಳಗೇ ಉಳಿದದ್ದನ್ನೆಲ್ಲ ಬೈದಳು. ಫೋನು ಸ್ವಲ್ಪವೂ ನಯವಿಲ್ಲದೆ ಒಂದೊಂದನ್ನೂ ಹೇಳಿತು. ಪ್ರತಿಯೊಂದಕ್ಕೂ ಭಾವ ಹೂಂ ಎಂದರು. ಕೊನೆಗೆ ಅರ್ಧ ಬೈಗುಳದಲ್ಲಿ ಫೋನಿನ ಚಾರ್ಜು ಮುಗಿದು ಹೋಯಿತು.

ಭಾವ ಎದ್ದು ಹೋಗಿ ಚಾರ್ಜರ್ ತಂದುಕೊಟ್ಟರು.